ಅತ್ತಿಗೆಯ ಮೂರನೆಯ ಕೇಬಲ್

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಬೆಳಕು ಸಾಗಿಸುವ ನಮ್ಮ ಕೇಬಲ್‌ಗಳನ್ನು ಕೊಳ್ಳುವ ಕಂಪನಿಯಿಂದ ಬಂದಿದ್ದ ಪರೀಕ್ಷಕಿ ಅತ್ತಿಗೆಯ ಮೂರನೆಯ ಕೇಬಲನ್ನು ಮೀಟರಿಗೆ ಸಿಕ್ಕಿಸಿದರು. ದಾರಿಯಲ್ಲಿ ಸೋರಿಹೋದ ಬೆಳಕು 0.82 ಡೆಸಿಬೆಲ್. ಮಿತಿ 0.20.

ಒಬ್ಬೊಬ್ಬರೂ ಕಟ್ಟಿದ ಮೂರೂ ಕೇಬಲ್‌ಗಳು ಪಾಸಾದರೆ ಮಾತ್ರ ಕೆಲಸ, ಎರಡನೆಯ ಅವಕಾಶವಿಲ್ಲ. ಅದು ನಾನೇ ಬರೆದ ನಿಯಮ. ಈ ಕೇಬಲ್‌ಗಳನ್ನು ವಿನ್ಯಾಸ ಮಾಡಿದವನೂ, ಹನ್ನೊಂದು ಜನಕ್ಕೆ ಅವನ್ನು ಕಟ್ಟಲು ಕಲಿಸಿದವನೂ ನಾನೇ. ಮೊದಲೆರಡು ನೇರ ಕೇಬಲ್‌ಗಳು, ಸುಲಭ. ಮೂರನೆಯದರಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿಯೊಳಗೆ ಸುತ್ತಿಡಬೇಕು. ಹಿಂದಿನ ವಾರವಷ್ಟೇ ಆ ಡಬ್ಬಿಯನ್ನು ಎರಡು ಮಿಲಿಮೀಟರ್ ಕಿರಿದು ಮಾಡಿ ಬೀಗಿದ್ದೆ. ಹೊಸ ಡಬ್ಬಿಯಲ್ಲಿ ಮೊದಲು ಅಳತೆಗೆ ಬಂದದ್ದು ಅತ್ತಿಗೆಯ ಕೇಬಲೇ.

ಅತ್ತಿಗೆ ಇಪ್ಪತ್ತೆರಡು ವರ್ಷ ನನ್ನ ಅಣ್ಣನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡಿದವರು. ರಿಪೇರಿಗೆ ಯಾರೂ ಬಾರದಾದಾಗ ಅಂಗಡಿ ಮುಚ್ಚಿತು. ನಲವತ್ತೇಳನೆಯ ವಯಸ್ಸಿನಲ್ಲಿ ನನ್ನ ತರಗತಿಗೆ ಬಂದು ಕುಳಿತರು. ಗಡಿಯಾರದ ಧೂಳನ್ನು ಉಫ್ ಎಂದು ಊದುವ ಚಾಳಿ ಜೊತೆಗೇ ಬಂದಿತ್ತು. ಗಾಜಿನ ತುದಿಗೆ ಬಾಯಿಯ ತೇವ ತಗುಲಿದರೆ ಕೊಳೆ ಅಂಟುತ್ತದೆ. ಇದನ್ನು ಎರಡು ತಿಂಗಳು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

“ಊದಿರ್ತಾರೆ,” ಎಂದ, ಹಿಂದಿನ ಸಾಲಿನಲ್ಲಿದ್ದ ಟೀವಿ ಮೆಕ್ಯಾನಿಕ್. “ಅಕ್ಕ ಊದಿದ್ರೆ ಒಲೆ ಹತ್ಕೊಳ್ಳುತ್ತೆ, ಮೀಟ್ರು ಒಪ್ಪಲ್ಲ.”

ನನ್ನ ಅನುಮಾನವೂ ಅದೇ. “ಅತ್ತಿಗೆ, ನಿಜ ಹೇಳಿ. ಊದಿದ್ರಾ?”

“ಇಲ್ಲ ಮೇಷ್ಟ್ರೇ.” ಮನೆಯಲ್ಲಿ ಏಕವಚನದಲ್ಲೇ ಗದರುವವರು ಇಲ್ಲಿ ಬಹುವಚನ ತಪ್ಪಿಸುತ್ತಿರಲಿಲ್ಲ. “ಮೈಕ್ರೋಸ್ಕೋಪಲ್ಲಿ ನೋಡ್ಕೊಳ್ಳಿ.”

ಪರೀಕ್ಷಕಿ ನೋಡಿದರು. ಎರಡೂ ತುದಿ ಶುಚಿಯಾಗಿದ್ದವು, ಒಂದು ಗೀರೂ ಇರಲಿಲ್ಲ. “ಹಾಗಾದ್ರೆ ಬೆಳಕು ಎಲ್ಲಿ ಹೋಯ್ತಮ್ಮ?”

“ಮುಚ್ಚಳ ತೆಗೆದು ಕೆಂಪು ದೀಪ ಬಿಡ್ಲಾ?”

ಮುಚ್ಚಿದ ಡಬ್ಬಿ ತೆರೆಯುವಂತಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷಕಿ, “ತೆಗೀಲಿ,” ಎಂದರು.

ನಾಲ್ಕು ಸ್ಕ್ರೂಗಳನ್ನು ಬಿಚ್ಚಿದರು ಅತ್ತಿಗೆ. ನಾನು ಕೋಣೆಯ ದೀಪ ಆರಿಸಿದೆ. ಕೇಬಲಿನ ಒಂದು ತುದಿಯಿಂದ ಕೆಂಪು ಬೆಳಕು ಹರಿಸಿದಾಗ ಎಳೆಯುದ್ದಕ್ಕೂ ಕತ್ತಲೆ. ಎಳೆಯನ್ನು ಹಿಡಿದಿಡುವ ಮೂಲೆಯ ಕ್ಲಿಪ್ಪಿನ ಬಳಿ ಮಾತ್ರ ಸಾಸಿವೆಯಷ್ಟು ಕೆಂಪು ಹೊಳೆಯುತ್ತಿತ್ತು. ಬೆಳಕು ಸೋರುತ್ತಿದ್ದುದು ಅಲ್ಲಿ.

“ಈ ಕ್ಲಿಪ್ಪು ಎಳೆಯ ಕತ್ತು ಹಿಸುಕ್ತಾ ಇದೆ,” ಎಂದರು ಅತ್ತಿಗೆ. “ಡಿಸೈನು ಯಾರದ್ದು ಅಂತ ನಾನು ಹೇಳಲ್ಲಪ್ಪ.”

“ಹೇಳ್ಬೇಡಿ ಅಕ್ಕ, ಮನೆ ಮರ್ಯಾದೆ,” ಎಂದ ಮೆಕ್ಯಾನಿಕ್. ತರಗತಿಯೆಲ್ಲ ನಕ್ಕಿತು.

ನನ್ನ ಕಿವಿ ಬಿಸಿಯಾಯಿತು. ಸುತ್ತಿನ ಅಗಲವನ್ನು ಲೆಕ್ಕ ಹಾಕಿದ್ದೆ, ಕ್ಲಿಪ್ಪಿನ ದಪ್ಪವನ್ನು ಮರೆತಿದ್ದೆ. “ತಪ್ಪು ನನ್ನದು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

“ಕ್ಲಿಪ್ಪು ತೆಗೆದು ಮತ್ತೆ ಅಳೆಯೋಣ,” ಎಂದರು ಪರೀಕ್ಷಕಿ. “ಹೊಸ ನಕ್ಷೆ ಕಳಿಸೋ ಮುಂಚೆ ಇವರಿಗೆ ತೋರಿಸಿ. ಇವರು ಸಹಿ ಹಾಕಿದ್ರೆ ಮಾತ್ರ ನಾನು ತಗೊಳ್ತೀನಿ.”

ಅತ್ತಿಗೆ ಚಿಮಟದಿಂದ ಕ್ಲಿಪ್ಪು ಎತ್ತಿದರು. ಎಳೆ ತಾನಾಗಿ ದುಂಡಗೆ ಹರಡಿ ಡಬ್ಬಿಯ ಗೋಡೆಗೆ ಒರಗಿತು, ಕೆಂಪು ಆರಿತು. ಮುಚ್ಚಳ ಕೂಡಿಸಿ ಕೇಬಲನ್ನು ಮೀಟರಿಗೆ ಸಿಕ್ಕಿಸುವಷ್ಟರಲ್ಲಿ ಉಳಿದ ಹತ್ತೂ ಜನ ಬೆಂಚು ಬಿಟ್ಟು ಸುತ್ತ ನೆರೆದಿದ್ದರು. ಅಂಕಿ ಎರಡು ಸಲ ಹೊಯ್ದಾಡಿ ನಿಂತಿತು. ಪರೀಕ್ಷಕಿ ಅದನ್ನು ಅತ್ತಿಗೆಯ ಹೆಸರಿನ ಮುಂದೆ ಬರೆದುಕೊಂಡರು: 0.07 ಡೆಸಿಬೆಲ್.