ನನ್ನ ಪ್ರೆಶರಿನ ಜಾತಿ

೧೯೬೨ರಲ್ಲಿ, ನಾನು ಮಾಸ್ತರಿಕೆಯಿಂದ ನಿವೃತ್ತನಾಗಿ ಐದು ವರ್ಷ ಕಳೆದ ಮೇಲೆ, ಪುತ್ತೂರಿನ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಣ್ಣದು ಮಾಡಿಕೊಂಡರು.

"ಇನ್ನೂರು ಉಂಟು. ಹೀಗೇ ಆದ್ರೆ ಒಂದು ಕಡೆಯ ಕೈಕಾಲು ಬಿದ್ದುಹೋಗ್ತದೆ. ಮನಸ್ಸಲ್ಲಿ ಎಂತಾದ್ರೂ ಇಟ್ಟುಕೊಂಡಿದ್ದೀರಾ?"

"ಎಂತದೂ ಇಲ್ಲ," ಎಂದೆ. ಪಕ್ಕದಲ್ಲಿದ್ದ ಹೆಂಡತಿ ಸೇವಂತಿ ಕೆಮ್ಮಿದಳು.

ಅಣ್ಣ ದುಗ್ಗಪ್ಪನ ಜೊತೆ ನಾನು ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದೆ. ಅವನ ಮಗಳ ಮದುವೆಯಲ್ಲಿ ನನ್ನನ್ನು, ಸ್ವಂತ ಚಿಕ್ಕಪ್ಪನನ್ನು, ಎರಡನೇ ಪಂಕ್ತಿಗೆ ಕೂರಿಸಿದ್ದ. ಪಾಯಸ ಬರುವ ಮೊದಲೇ ಎದ್ದು ಬಂದಿದ್ದೆ. ನಾವು ಗೌಡರು ಸಿಟ್ಟು ಬಂದರೆ ಬೈಯುವುದಿಲ್ಲ, ಮಾತು ಬಿಡುತ್ತೇವೆ. ಅದಕ್ಕೆ ಗಾಂಭೀರ್ಯ ಎಂದು ಹೆಸರಿಟ್ಟಿದ್ದೇವೆ.

ಬಸ್ಸು ಸುಳ್ಯ ಮುಟ್ಟುವಷ್ಟರಲ್ಲಿ ನನ್ನ ಸಿದ್ಧಾಂತ ತಯಾರಾಗಿತ್ತು: ರೋಗ ನನ್ನದಲ್ಲ, ಜಾತಿಯದು. ಅಡಿಕೆ ವ್ಯಾಪಾರದ ಮೂಸಕುಂಞಿಯವರನ್ನೇ ನೋಡಿ. ಎಪ್ಪತ್ತು ದಾಟಿದೆ, ಬೆಳಿಗ್ಗೆ ಬೊಬ್ಬೆ, ಮಧ್ಯಾಹ್ನ ಕಣ್ಣೀರು, ಸಂಜೆ ನಗು. ಅವರಂಥ ಬ್ಯಾರಿ ಮುಸ್ಲಿಮರಿಗೆ ಪ್ರೆಶರು ಎಲ್ಲಿಂದ ಬರಬೇಕು? ನೇರ ಅವರ ಅಂಗಡಿಗೇ ಹೋಗಿ, ಪಾಠ ಮಾಡುವ ಹಾಗೆ ಇದನ್ನು ವಿವರಿಸಿದೆ.

ಅವರು ಪೂರ್ತಿ ಕೇಳಿ, ಅಂಗಿಯ ಕಿಸೆಯಿಂದ ಮಾತ್ರೆ ತೆಗೆದು ತೋರಿಸಿದರು. ಡಾಕ್ಟರು ನನಗೆ ಕೊಟ್ಟ ಮಾತ್ರೆಯೇ.

"ಬೊಬ್ಬೆ ಗಿರಾಕಿಗಳ ಹತ್ರ ಮಾತ್ರ ಮಾರಾಯ್ರೆ. ತಮ್ಮನ ಹತ್ರ ನಾನೂ ಹತ್ತು ವರ್ಷ ಮಾತಾಡ್ಲಿಲ್ಲ. ಹೋದ ವರ್ಷ ಮಾತಾಡುವ ಅಂತ ಹೊರಟೆ, ಅಷ್ಟರಲ್ಲಿ ಅವನೇ ಹೋದ. ನಿಮ್ಮ ಅಣ್ಣ ಇದ್ದಾರಲ್ಲ ಮಾಸ್ಟ್ರೆ?"

ಇದ್ದ.

ಮರುದಿನ ಅಣ್ಣನ ಜಗಲಿಯಲ್ಲಿ ನಿಂತು ಒಂಬತ್ತು ವರ್ಷದ ಸಿಟ್ಟು ಕಾರಿದೆ. ಅದು ಬಂದದ್ದು ಪಠ್ಯಪುಸ್ತಕದ ಕನ್ನಡದಲ್ಲಿ. ನಡುವೆ ಒಮ್ಮೆ 'ಎರಡನೆಯದಾಗಿ' ಎಂದೂ ಹೇಳಿದೆ.

ಅಣ್ಣ ಎಲೆಅಡಿಕೆ ಉಗಿದು ಬಂದ. "ಮುಗೀತಾ? ಆ ದಿನ ನಾನು ಕೂತದ್ದು ಮೂರನೇ ಪಂಕ್ತಿಯಲ್ಲಿ."

"ಅದನ್ನು ಆಗಲೇ ಹೇಳ್ಬಹುದಿತ್ತಲ್ಲ!"

"ಯಾರ ಹತ್ರ ಹೇಳುದು? ನೀನು ಮಾತು ಬಿಟ್ಟಾಗಿತ್ತು."

ಆಮೇಲೆ ಇಬ್ಬರೂ ಸೇರಿ ರಸ್ತೆಗೆ ಕೇಳುವಷ್ಟು ಜಗಳ ಮಾಡಿದೆವು. ಊಟ ಮಾಡಿಯೇ ಬಂದೆ.

ವಾರ ಬಿಟ್ಟು ಡಾಕ್ಟರು ಮತ್ತೆ ಪಟ್ಟಿ ಸುತ್ತಿದರು. "ಇನ್ನೂರ ಹತ್ತು! ಎಂತ ಮಾಡಿದ್ದು ನೀವು?"

"ಅಣ್ಣನ ಹತ್ರ ಮಾತಾಡಿದೆ."

"ಸ್ವಲ್ಪ ದಿನ ಮಾತಾಡ್ಬೇಡಿ."

ಆಗುವುದಿಲ್ಲ ಎಂದೆ. ಅವನ ಪಾಲಿನ ಒಂಬತ್ತು ವರ್ಷದ ಸಿಟ್ಟು ಇನ್ನೂ ಬಾಕಿ ಉಂಟು; ಹೇಳಲಿಕ್ಕೆ ಭಾನುವಾರ ಬರುತ್ತಾನೆ. ಡಾಕ್ಟರು ನಿಟ್ಟುಸಿರು ಬಿಟ್ಟು ಮಾತ್ರೆಯನ್ನು ಎರಡು ಹೊತ್ತಿಗೆ ಮಾಡಿದರು.