ಅಕ್ಕ ನುಂಗಿದ ಮಾತ್ರೆ

ಸೋಮವಾರ ಬೆಳಿಗ್ಗೆ ನನ್ನ ಪೇಂಟ್ ಅಂಗಡಿಯ ಶಟರ್ ಎತ್ತುವ ಮುಂಚೆಯೇ ಅಕ್ಕನಿಗೆ ಫೋನ್ ಮಾಡಿದೆ. ನಾನು ಶಿವಮೊಗ್ಗದ ರವೀಂದ್ರನಗರದಲ್ಲಿ, ಅವಳು ಭದ್ರಾವತಿಯಲ್ಲಿ. ದಿನಾ ಒಂದು ಸಲ ದನಿ ಕೇಳದಿದ್ದರೆ ಇಬ್ಬರಿಗೂ ತಿಂದದ್ದು ಅರಗುವುದಿಲ್ಲ. ಶನಿವಾರ, ಭಾನುವಾರ ಎರಡೇ ಮಾತಾಡಿ ಫೋನ್ ಇಟ್ಟಿದ್ದಳು. ಅವತ್ತು ಅವಳ ಮಾತು ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡವಳ ಹಾಗಿತ್ತು.

"ಏನಕ್ಕ, ಏನ್ ತಿಂತಿದೀಯ?"

"ತಿನ್ನೋದೆಲ್ಲಿ ಬಂತು ಮಾರಾಯ. ಶುಕ್ರವಾರ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸ್ದೆ. ಹಲ್ಲಿಗೆ ಹಲ್ಲು ತಾಗಿದ್ರೆ ಸಾಕು, ನೆತ್ತಿವರೆಗೂ ಎಳೆಯುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಂದು ಡಾಕ್ಟ್ರ ಹತ್ರ ಜಗಳ ಆಡ್ತೀಯ. ಬಿಡು, ಅವ್ರು ಕೊಟ್ಟ ಮಾತ್ರೆ ತಗೊಳ್ತಿದೀನಿ, ದಿನಕ್ಕೆ ಮೂರು."

"ಯಾವ ಮಾತ್ರೆ? ಫೋಟೋ ಕಳಿಸು."

ಫೋಟೋ ಬಂತು. ಹೆಸರನ್ನು ದೊಡ್ಡದು ಮಾಡಿ ಇನ್ನೊಮ್ಮೆ ಓದಿದೆ.

ಆರು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಈ ಅಕ್ಕ, ಬಸವರಾಜೇಶ್ವರಿ. ಈಗ ಅವಳಿಗಿರುವುದು ಒಂದೇ. ಮನೆಗೆ ಕಳಿಸುವ ದಿನ ಕಿಡ್ನಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೊಂದು ಪಟ್ಟಿ ಕೊಟ್ಟಿದ್ದರು. ಈ ನೋವಿನ ಮಾತ್ರೆಗಳು ಕಿಡ್ನಿಗೆ ಆಗಿಬರುವುದಿಲ್ಲ, ಮುಟ್ಟಲೇಬೇಡಿ ಎಂದಿದ್ದರು. ಆ ಪಟ್ಟಿಯ ಮೊದಲ ಹೆಸರೇ ಫೋಟೋದಲ್ಲಿತ್ತು.

"ಇನ್ನೊಂದೂ ನುಂಗ್ಬೇಡ. ನೀರು ಕುಡೀತಾ ಇರು. ಬಂದೆ."

ಸಿಕ್ಕಿದ ಬಸ್ಸು ಮಾಚೇನಹಳ್ಳಿಯಲ್ಲಿ ನಿಂತು ಕಾರ್ಖಾನೆಯವರನ್ನು ಇಳಿಸಿತು. ಒಬ್ಬೊಬ್ಬರೂ ಊಟದ ಡಬ್ಬಿ ಹಿಡಿದು ಮದುವೆ ಮನೆಗೆ ಬಂದವರ ಹಾಗೆ ನಿಧಾನವಾಗಿ ಇಳಿದರು. ನಾನು ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದೆ. ಶುಕ್ರವಾರದಿಂದ ದಿನಕ್ಕೆ ಮೂರರಂತೆ ಎಷ್ಟು ಮಾತ್ರೆ ಅವಳ ಹೊಟ್ಟೆಗೆ ಹೋಗಿರಬಹುದು? ಹದಿನಾಲ್ಕು ತಿಂಗಳು ನಾನು ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ಎದ್ದವನು. ಈಗ ಆ ಹಾಸಿಗೆಯ ಮೇಲೆ ಅಕ್ಕ ಮಲಗಿದ ಹಾಗೆ ಕಣ್ಣಿಗೆ ಕಟ್ಟಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. ಭದ್ರಾವತಿ ಬರುವ ಹೊತ್ತಿಗೆ ಬಯ್ಯಬೇಕಾದ ಮಾತುಗಳೆಲ್ಲ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದವು.

ಅಕ್ಕ ಜಗುಲಿಯ ಮೇಲೆ ಕೂತು, ಹುರಿದ ಉಪ್ಪಿನ ಗಂಟನ್ನು ಕೆನ್ನೆಗೆ ಒತ್ತಿಕೊಂಡು ಶಾಖ ತೆಗೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಕರಿಬಸಮ್ಮ ಎದುರಿಗೇ ಇದ್ದರು.

"ನನ್ನ ಮಂಡಿನೋವಿನ ಮಾತ್ರೆ ಎರಡು ಕೊಟ್ಟೆ ಕಣಪ್ಪ," ಎಂದರು ಕರಿಬಸಮ್ಮ. "ನಿನ್ನೆ ಸಂಜೆ ಒಂದು, ಇವತ್ತು ಎದ್ದ ಕೂಡ್ಲೆ ಒಂದು. ಒಳ್ಳೆ ಮಾತ್ರೆ."

ನಮ್ಮ ಬೀದಿಗಳಲ್ಲಿ ಹೆಪ್ಪಿಗೆ ಮಜ್ಜಿಗೆ ಕೊಡುವ ಹಾಗೆ ಮಾತ್ರೆ ಕೊಡುತ್ತಾರೆ. ಅವರು ತೋರಿಸಿದ್ದೂ ಅದೇ ಜಾತಿಯದು. ಪಾಪ, ಅವರ ಮೇಲೆ ಹೇಗೆ ಹರಿಹಾಯಲಿ? ಇನ್ನು ಆ ಮಾತ್ರೆ ಬೇಡ ಎಂದಷ್ಟೇ ಹೇಳಿ, ಅವರು ಮನೆಗೆ ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಬಗ್ಗಿ ಅಕ್ಕನ ಪಾದದ ಗಂಟನ್ನು ಒತ್ತಿ ನೋಡಿದೆ. ಊತವಿರಲಿಲ್ಲ.

"ಮೂತ್ರ ಸರಿಯಾಗಿ ಹೋಗ್ತಿದೆಯಾ?"

"ನಿನ್ನೆಯಿಂದ ಸ್ವಲ್ಪ ಕಮ್ಮಿ ಅನ್ಸುತ್ತೆ. ನೀರೂ ಕುಡಿಯಕ್ಕಾಗಿಲ್ವಲ್ಲ."

ಒಳಗಿನಿಂದ ನೀರಿನ ಚೊಂಬು ತಂದು ಅವಳ ಪಕ್ಕದಲ್ಲಿಟ್ಟೆ.

"ಮೊದ್ಲು ಆಪರೇಷನ್ ಏನಾದ್ರೂ ಆಗಿದೆಯಾ ಅಂತ ಹಲ್ಲಿನ ಡಾಕ್ಟ್ರು ಕೇಳ್ಲಿಲ್ವಾ?"

"ಕೇಳಿದ್ರು."

"ಏನಂದೆ?"

"ಇಲ್ಲ ಅಂದೆ."

"ಬುದ್ಧಿ ಇದೆಯಾ ನಿಂಗೆ? ಆ ಪಟ್ಟಿ ಎಲ್ಲಿ?"

"ಅದನ್ನ ಆವತ್ತೇ ಹರಿದು ಒಲೆಗೆ ಹಾಕ್ದೆ. ಬರೋರು ಹೋಗೋರು ಓದಿದ್ರೆ? ಮಾತ್ರೆ ಹೆಸರು ನೆನಪಿರ್ಲಿಲ್ಲ." ಅಕ್ಕ ಉಪ್ಪಿನ ಗಂಟನ್ನು ಕೆಳಗಿಟ್ಟಳು. "ಕೂಗ್ಬೇಡ, ಹಲ್ಲು ಅದುರುತ್ತೆ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಏನಂದಿದ್ದೆ ನೀನು? ಅಕ್ಕನ ಹತ್ರ ಇಸ್ಕೊಂಡು ಬದುಕಿದಾನೆ ಅಂತ ಜನ ಆಡ್ಕೊಳ್ತಾರೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡೆ. ಹಲ್ಲಿನ ಡಾಕ್ಟ್ರನ್ನ ಬಿಟ್ಟು ಅಂತ ಹೇಳಿದ್ಯೇನೋ?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ಯಾರೋ ದಾನಿ ಸಿಕ್ಕಿದರು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ನಾನು ಆಣೆಯನ್ನು ಮರೆತೇಬಿಟ್ಟಿದ್ದೆ. ಅವಳು ಆರು ವರ್ಷ ಅದನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಏಳಕ್ಕ, ಹೋಗೋಣ," ಎಂದೆ.

ಹಲ್ಲಿನ ಕ್ಲಿನಿಕ್ಕಿನಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಅವರ ನಡುವೆ ನಮ್ಮ ದೂರದ ನೆಂಟ ಷಡಕ್ಷರಪ್ಪನವರೂ ಇದ್ದರು. ಅವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಶಿವಮೊಗ್ಗ ಮುಟ್ಟುತ್ತದೆ. ಕೌಂಟರಿನಲ್ಲಿದ್ದ ಸೌಂದರ್ಯ ಎಂಬ ಹುಡುಗಿ ಅಕ್ಕನ ಹಳೆಯ ಹಾಳೆ ತೆಗೆದಳು.

"ಅದ್ರಲ್ಲಿ ಆಪರೇಷನ್ ಇಲ್ಲ ಅಂತ ಬರೆದಿದೆಯಲ್ಲಮ್ಮ, ಅದನ್ನ ಹೊಡೆದುಹಾಕು," ಎಂದೆ. ದನಿ ತಗ್ಗಿಸಲಿಲ್ಲ. "ಆರು ವರ್ಷದ ಹಿಂದೆ ಒಂದು ಕಿಡ್ನಿ ಕೊಟ್ಟಿದಾರೆ. ತಮ್ಮನಿಗೆ."

ಷಡಕ್ಷರಪ್ಪನವರ ಕೈಯಲ್ಲಿದ್ದ ಪೇಪರ್ ಕೆಳಗಿಳಿಯಿತು. ಸೌಂದರ್ಯ ತಲೆ ಎತ್ತದೆ ಬರೆದುಕೊಂಡಳು.

"ತಮ್ಮ ಈಗ ಚೆನ್ನಾಗಿದಾರಾ?"

ನಾನು ಅಕ್ಕನ ಕಡೆ ತಿರುಗಿದೆ.

"ಚೆನ್ನಾಗಿದಾನೆ ಕಣಮ್ಮ, ಬಾಯಿ ಮಾತ್ರ ಜೋರು," ಎಂದಳು ಅಕ್ಕ.

ಡಾಕ್ಟರು ಒಳಗೆ ಕರೆದು ನೋಡಿದರು. ತುಂಬಿದ ಸಿಮೆಂಟು ಕೂದಲೆಳೆಯಷ್ಟು ಎತ್ತರವಾಗಿ, ಮೇಲಿನ ಹಲ್ಲು ಅದನ್ನೇ ಕುಟ್ಟುತ್ತಿತ್ತು. ಅದನ್ನು ತೇಯ್ದು ಸಮ ಮಾಡಿದರು. ನಾಲ್ಕೈದು ದಿನ ಸ್ವಲ್ಪ ನೋವು ಇದ್ದೇ ಇರುತ್ತದೆ, ಆ ಕಡೆ ಅಗಿಯಬೇಡಿ, ಶಾಖ ಬೇಡ, ಬಟ್ಟೆಯಲ್ಲಿ ಐಸ್ ಸುತ್ತಿ ಹೊರಗಿನಿಂದ ಇಡಿ, ಊತವೋ ಜ್ವರವೋ ಬಂದರೆ ತಕ್ಷಣ ಬನ್ನಿ ಎಂದರು. ಆಮೇಲೆ ನಮ್ಮ ಕಿಡ್ನಿ ಡಾಕ್ಟರಿಗೆ ಅವರೇ ಫೋನ್ ಮಾಡಿ ಕೇಳಿ, ಬರೀ ಪ್ಯಾರಾಸಿಟಮಾಲ್ ಬರೆದು, ಎಷ್ಟು ಗಂಟೆಗೊಂದು ಎಂದು ಹಾಳೆಯ ಮೇಲೆ ಗುರುತು ಹಾಕಿದರು. "ಮೊದಲೇ ಹೇಳಿದ್ರೆ ಇದನ್ನೇ ಕೊಡ್ತಿದ್ದೆನಲ್ಲಮ್ಮ," ಎಂದು ಪೇಚಾಡಿಕೊಂಡು ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ವರದಿ ನಾಲ್ಕಕ್ಕೆ ಎಂದರು ಲ್ಯಾಬಿನವರು. ಆ ಬೆಂಚಿನ ಮೇಲೆ ಕೂತು ನಾನು ಹೊತ್ತುಕೊಳ್ಳದ ಹರಕೆಯಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಎಂಬ ಆ ಒಂದು ಅಂಕಿ ಏರಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? ಅಕ್ಕ ಮಾತ್ರ ಕೆನ್ನೆಗೆ ಐಸ್ ಇಟ್ಟುಕೊಂಡು ನನ್ನ ಭುಜಕ್ಕೊರಗಿ ತೂಕಡಿಸುತ್ತಿದ್ದಳು.

ಒಂದು ಪಾಯಿಂಟ್ ಮೂರು ಬಂತು. ಅವಳದು ಯಾವಾಗಲೂ ಒಂದರ ಹತ್ತಿರ ಇರುತ್ತಿತ್ತು. ಕಿಡ್ನಿ ಡಾಕ್ಟರು ಫೋನಿನಲ್ಲಿ, "ಸ್ವಲ್ಪ ಏರಿದೆ. ಬೇಗ ನಿಲ್ಲಿಸಿದ್ದು ಒಳ್ಳೆಯದಾಯ್ತು. ಇಳಿಯಬೇಕು, ಗುರುವಾರ ಇನ್ನೊಂದು ಸಲ ನೋಡೋಣ," ಎಂದರು. ಗುರುವಾರದವರೆಗೆ ನಾನು ಅಕ್ಕನ ಮನೆ ಬಿಟ್ಟು ಕದಲುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ.

ಮನೆಗೆ ಬರುವಷ್ಟರಲ್ಲಿ ಕರಿಬಸಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಏನಂದ್ರು? ನನ್ನ ಮಾತ್ರೆ ಯಾಕೆ ಬೇಡವಂತೆ?"

ಅಕ್ಕ ನನ್ನ ಮುಖ ನೋಡಿದಳು. ಕ್ಲಿನಿಕ್ಕಿನಲ್ಲಿ ನಾನೇ ಕೂಗಿ ಹೇಳಿ ಬಂದಿದ್ದರೂ ಅವಳಿಗೆ ಇನ್ನೂ ನನ್ನ ಅಪ್ಪಣೆ ಬೇಕಿತ್ತು.

"ಹೇಳಕ್ಕ," ಎಂದೆ.

ಅವಳು ಜಗುಲಿಯ ಮೇಲೆ ಕೂತು ಶುರುಮಾಡಿದಳು. ನನ್ನ ಕಾಲು ಮೊದಲು ಊದಿದ ದಿನದಿಂದ ಹಿಡಿದು, ಆಪರೇಷನ್ ಕೋಣೆಯಲ್ಲಿ ತನಗೆ ಎಷ್ಟು ಚಳಿಯಾಗಿತ್ತು, ತಾನೆಷ್ಟು ಹೆದರಿದ್ದಳು ಎನ್ನುವವರೆಗೆ. ಆ ಹೆದರಿಕೆಯ ಮಾತು ನಾನೂ ಕೇಳಿದ್ದು ಅವತ್ತೇ ಮೊದಲು. ಕಾಫಿ ಆರಿಹೋಯಿತು. ನಡುನಡುವೆ ಹಲ್ಲಿಗೆ ಹಲ್ಲು ತಾಗಿದಾಗ ಕಣ್ಣು ಮುಚ್ಚಿ ಕೆನ್ನೆ ಹಿಡಿದುಕೊಳ್ಳುವಳು, ಮತ್ತೆ ಹೇಳುವಳು.

"ನೋವಾಗುತ್ತೆ ಅಕ್ಕ, ಸಾಕು ಮಾತಾಡಿದ್ದು."

"ಆಗುತ್ತೆ," ಎಂದಳು ಅಕ್ಕ. "ನೀನು ಸುಮ್ನಿರು. ನಾನಿನ್ನೂ ಮುಗಿಸಿಲ್ಲ."