ಎಡಕ್ಕೆ ವಾಲಿದ ಹೊಲಿಗೆ

ಲಿಯೋಟಾ ಎರಡು ಸೂಜಿಗಳನ್ನೂ ಒಂದೇ ತೂತಿನಲ್ಲಿ ತೂರಿಸಿ, ಮೇಣ ಸವರಿದ ದಾರವನ್ನು ಎರಡೂ ಕಡೆಗೆ ಬಲವಾಗಿ ಜಗ್ಗಿದಳು. ಮೈಮೇಲೆ ಕಪ್ಪು ಉಡುಪು, ಅದರ ಮೇಲೆ ಗಂಡನ ಚರ್ಮದ ಏಪ್ರನ್. ಹೊರಗೆ ಮೈದುನ ಅರ್ಲಿಸ್ ಪಿಕಪ್‌ನ ಹಾರ್ನ್ ಒತ್ತುತ್ತಲೇ ಇದ್ದ. ಕೊನೆಗೆ ತಡೆಯಲಾರದೆ ಒಳಗೇ ಬಂದ.

"ಪಾದ್ರಿ ಕಾಯ್ತಿದ್ದಾರೆ. ಅಣ್ಣನ ಮಣ್ಣಿಗೆ ನೀನೇ ತಡ ಮಾಡ್ತೀಯಾ?"

"ಈ ರಿಕಾಬಿನ ಪಟ್ಟಿ ಮುಗೀಲಿ. ಒಂದೇ ರಿಕಾಬು ನೇತಾಡೋ ಜೀನು ಹಾಕಿ ಕುದುರೆ ನಡೆಸಿದ್ರೆ ನಿಮ್ಮಣ್ಣ ಪೆಟ್ಟಿಗೆಯಿಂದ ಎದ್ದು ಬಂದು ಬೈತಾನೆ."

"ನನ್ನ ಜೀನು ಹಾಕೋಣ ಅಂದೆ. ಬೆಳ್ಳಿ ಕೆಲಸದ್ದು. ನೀನು ಕೇಳ್ಬೇಕಲ್ಲ."

"ಅದು ಮದುವೆ ದಿಬ್ಬಣಕ್ಕೆ ಸರಿ."

ವಯೋಮಿಂಗ್‌ನ ಆ ಕಡೆ ಕುದುರೆಯ ಸಹವಾಸದಲ್ಲಿ ಬದುಕಿದವನು ಸತ್ತರೆ ಶವದ ಗಾಡಿಯ ಹಿಂದೆ ಸವಾರನಿಲ್ಲದ ಕುದುರೆ ನಡೆಯಬೇಕು, ಕಾಲಿಡುವ ರಿಕಾಬುಗಳಲ್ಲಿ ಅವನ ಬೂಟುಗಳು ಹಿಂದುಮುಂದಾಗಿ. ಲಿಯೋಟಾಳ ಗಂಡ ಡೆಲ್ಮರ್ ಕೊನೆಯದಾಗಿ ದುರಸ್ತಿಗೆ ಹಿಡಿದಿದ್ದ ಹಳೆಯ ಜೀನೇ ಇರಲಿ ಎಂದು ಅದರ ಯಜಮಾನ ಹಾಯ್ಟ್ ತಾನಾಗಿಯೇ ಹೇಳಿದ್ದ.

ಅರ್ಲಿಸ್ ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಮೇಜಿಗೂ ಓಡಾಡಿದ. ಜೀನು ಹೊಲಿಯುವ ಈ ಅಂಗಡಿಯಲ್ಲಿ ಅರ್ಧ ಪಾಲು ಅವನದು.

"ಸೋಮವಾರ ಕ್ಯಾಸ್ಪರ್ ಪೇಟೆಯಿಂದ ಕೊಳ್ಳೋನು ಬಂದು ಅಂಗಡಿ, ಸಾಮಾನು ಎಲ್ಲ ನೋಡ್ತಾನೆ. ಡೆಲ್ಮರ್ ಇಲ್ದ ಮೇಲೆ ಇದನ್ನ ಇಟ್ಕೊಂಡು ನೀನೇನ್ ಮಾಡ್ತೀಯಾ? ಬಂದೋರಿಗೆ ಕಾಫಿ ಕಾಯಿಸ್ತೀಯಾ?"

ಲಿಯೋಟಾ ಕೊನೆಯ ಹೊಲಿಗೆಯನ್ನು ಜಗ್ಗಿ ಬಿಗಿದಳು. ಆರು ವರ್ಷಗಳಿಂದ ಈ ಅಂಗಡಿಯಿಂದ ಹೊರಬಿದ್ದ ಒಂದೊಂದು ಹೊಲಿಗೆಯೂ ಅವಳದೇ. ಡೆಲ್ಮರ್‌ನ ಕಣ್ಣು ಮಂಜಾದದ್ದು ಊರಿಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟರೆ ಸತ್ತವನ ಹೆಸರಿಗೆ ಮಸಿ. ಬಿಡದಿದ್ದರೆ ಸೋಮವಾರ ಅಂಗಡಿ ಕೈಬಿಟ್ಟು ಹೋಗುತ್ತದೆ. ಅವಳು ದಾರ ಕತ್ತರಿಸಿ ಏಪ್ರನ್ ಬಿಚ್ಚಿದಳು.

*

ಹಾಯ್ಟ್ ಆ ಜೀನನ್ನು ತಂದುಕೊಟ್ಟಾಗ ಅದರ ಅಡಿಯ ಉಣ್ಣೆಯಲ್ಲಿ ಇಲಿ ಗೂಡು ಕಟ್ಟಿತ್ತು. ಅವನ ಮನೆಯವರು ಅಜ್ಜನ ಕಾಲದಿಂದ ವರ್ಷಾವರ್ಷ ಎಣ್ಣೆ ಸುರಿದು ಚರ್ಮ ಕರಿ ಬಾಣಲೆಯಂತಾಗಿತ್ತು. ದಾರವೆಲ್ಲ ಕೊಳೆತಿತ್ತು. ಮಾಡಿದವನ ಮುದ್ರೆ ಎಲ್ಲೂ ಕಾಣುತ್ತಿರಲಿಲ್ಲ.

"ಮುದ್ದು ಮಾಡಿ ಮಾಡಿ ಕೊಂದಿದ್ದಾರೆ," ಎಂದು ಡೆಲ್ಮರ್ ಗೊಣಗುತ್ತ ಬೆರಳಾಡಿಸಿದ. "ಮುಂದೆ ಕೈಹಿಡಿಯೋ ಕೊಂಬು ತೆಳ್ಳಗಿದೆ. ಹಿಂದಿನ ಒರಗು ಎಷ್ಟು ಎತ್ತರ ನೋಡು. ನಮ್ಮಜ್ಜನಿಗಿಂತ ಹಳೇದು ಕಣೇ. ರಿಕಾಬಿನ ಪಟ್ಟಿ ಎತ್ತಿ ಕೆಳಗೆ ಮುದ್ರೆ ಹುಡುಕು. ಅಲ್ಲಿ ಸವಾರನ ಕಾಲು ಉಜ್ಜಿರಲ್ಲ."

ಲಿಯೋಟಾ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದಳು. ನೆರಳಿನಲ್ಲಿ ಅಕ್ಷರಗಳು ಎದ್ದವು.

"ಥ... ರ್ಲೋ. ಕೆಳಗೊಂದು ಅರ್ಧಚಂದ್ರ ಇದೆ."

"ಥರ್ಲೋ!" ಡೆಲ್ಮರ್ ತೊಡೆ ತಟ್ಟಿಕೊಂಡ. "ನಮ್ಮ ಗುರು ಅವನ ಹೆಸರು ಹೇಳೋವಾಗ ಹ್ಯಾಟ್ ತೆಗೀತಿದ್ರು. ಹಳೇ ತೂತಲ್ಲೇ ಹೊಲಿ, ಹೊಸದು ಚುಚ್ಚಬೇಡ. ಚರ್ಮ ಹರಿದುಹೋಗತ್ತೆ."

ಮರುದಿನ ಹಾಯ್ಟ್ ಬಂದಾಗ, "ಮುಟ್ಟಿದ ಕೂಡ್ಲೇ ಥರ್ಲೋದು ಅಂತ ಗೊತ್ತಾಯ್ತು ನಂಗೆ," ಎಂದ ಡೆಲ್ಮರ್. ಕಾಫಿ ಬಗ್ಗಿಸುತ್ತಿದ್ದ ಲಿಯೋಟಾಳಿಗೆ ಅದನ್ನು ಅವನ ತೊಡೆಯ ಮೇಲೇ ಸುರಿಯುವಷ್ಟು ಸಿಟ್ಟು ಬಂತು.

"ಕಣ್ಣಿಲ್ಲ ಅಂತ ತಿಳಿದ್ರೆ ಯಾರು ಜೀನು ತರ್ತಾರೆ ಹೇಳು?" ಎಂದ ಅವನು, ಇಬ್ಬರೇ ಆದ ಮೇಲೆ.

"ನಾನಿದೀನಲ್ಲ."

"ನಿನ್ನ ನಂಬಿ ತರಲ್ಲ ಕಣೇ."

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅವಳಿಗೆ ನೋವಾದದ್ದೂ ಅದಕ್ಕೇ.

*

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಯಾರೂ ಮುಟ್ಟದ ಹಸಿರು ಜೆಲ್ಲಿ. ಹೊರಗೆ ಗಾಳಿಗೆ ಕುದುರೆಗಳು ನಿಂತಲ್ಲಿ ನಿಲ್ಲದೆ ಗೊರಸು ಕುಟ್ಟುತ್ತಿದ್ದವು. ಹಾಯ್ಟ್ ತಟ್ಟೆ ಹಿಡಿದೇ ಎದ್ದು ನಿಂತ. ಮೂರಾಳಿನ ಮೈ ಅವನದು.

"ಆ ಜೀನು ಇನ್ನು ಕುದುರೆ ಮೇಲೆ ಹೋಗಲ್ಲ. ಗೋಡೆಗೆ ತೂಗುಹಾಕ್ತೀನಿ. ಡೆಲ್ಮರ್‌ನ ಕೊನೇ ಹೊಲಿಗೆ ಅದು."

"ಅಂಥ ಕೈ ಇನ್ನು ಹುಟ್ಟಲ್ಲ," ಎಂದ ಅರ್ಲಿಸ್.

ಲಿಯೋಟಾಳಿಗೆ ನಗು ಬಂತು. ಅಳುವೂ ಬಂತು.

"ಅದು ಇವತ್ತು ಬೆಳಿಗ್ಗೆ ಹಾಕಿದ ಹೊಲಿಗೆ, ಹಾಯ್ಟ್. ಬೆಳಿಗ್ಗೆ ಡೆಲ್ಮರ್ ಪೆಟ್ಟಿಗೇಲಿದ್ದ."

"ಲಿಯೋಟಾ, ಇವತ್ತು ಬೇಡ," ಅರ್ಲಿಸ್ ಪಿಸುಗುಟ್ಟಿದ.

"ಆರು ವರ್ಷದಿಂದ ಇವತ್ತು ಬೇಡ ಅಂತಾನೇ ಆಯ್ತು. ಅವನಿಗೆ ಕಣ್ಣು ಕಾಣ್ತಿರಲಿಲ್ಲ. ಅವನು ಮುಟ್ಟಿ ಹೇಳೋನು, ನಾನು ಹೊಲಿಯೋಳು. ಅವನು ಹೇಳ್ಕೊಡದಿದ್ರೆ ನನಗೆ ಬರ್ತಿರಲಿಲ್ಲ. ನಾನು ಹೊಲೀದಿದ್ರೆ ನಿಮ್ಮಲ್ಲಿ ಅರ್ಧ ಜನ ಹುಲ್ಲಲ್ಲಿ ಬಿದ್ದಿರ್ತಿದ್ರಿ."

ಹಾಯ್ಟ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೆಟ್ಟಿಲು ಹತ್ತಿ ಹೊರಟುಹೋದ.

"ಸಮಾಧಾನ ಆಯ್ತಾ ಈಗ?" ಎಂದ ಅರ್ಲಿಸ್.

ಎದುರಿಗೆ ಕುಳಿತಿದ್ದ ಮುದುಕಿ ಓಪಲ್ ಬಾಯಿ ಒರೆಸಿಕೊಂಡಳು. "ಅದೇ ಅಂತೀನಿ. ನನ್ನ ಜೀನಿನ ದಾರ ಯಾಕೆ ಎಡಕ್ಕೆ ವಾಲಿದೆ, ಡೆಲ್ಮರ್‌ಗೆ ವಯಸ್ಸಾಯ್ತೇನೋ ಅಂದ್ಕೊಂಡೆ. ನೀನು ಎಡಚಿ ಅಲ್ವೇನೇ?"

ಜೀನೂ ಹೋಯಿತು, ಹೆಸರೂ ಹೋಯಿತು ಎಂದುಕೊಂಡು ಲಿಯೋಟಾ ಮೆಟ್ಟಿಲು ಹತ್ತಿದಳು.

ಹೊರಗೆ ರಿಕಾಬುಗಳಿಂದ ತೆಗೆದ ಡೆಲ್ಮರ್‌ನ ಬೂಟುಗಳು ಚರ್ಚಿನ ಮೆಟ್ಟಿಲ ಮೇಲೆ ಜೋಡಿಯಾಗಿ ನಿಂತಿದ್ದವು. ಹಾಯ್ಟ್ ಬೆಳಗಿನ ಹೊಲಿಗೆಯ ರಿಕಾಬಿನಲ್ಲಿ ಎಡಗಾಲಿಟ್ಟು, ಅಷ್ಟೂ ಭಾರವನ್ನು ಅದರ ಮೇಲೆ ಬಿಟ್ಟು, ಜಗ್ಗಿ ನೋಡಿದ. ಚರ್ಮ ಕಿರ್ರೆಂದಿತು. ಅವನು ಮೇಲೆ ಹತ್ತಿ ಕುಳಿತ. ಅವನ ಮೊಣಕಾಲು ಕುದುರೆಯ ಭುಜದ ಎತ್ತರಕ್ಕೆ ಬಂದಿತ್ತು.

"ಪಟ್ಟಿ ಗಿಡ್ಡ ಆಯ್ತು, ಮ್ಯಾಮ್. ಒಂದು ತೂತು ಇಳಿಸಿಕೊಡಿ. ಮನೆ ತನಕ ಇದರಲ್ಲೇ ಹೋಗ್ಬೇಕು."

ಲಿಯೋಟಾ ಅವನ ಕಾಲನ್ನು ಪಕ್ಕಕ್ಕೆ ತಳ್ಳಿ ಪಟ್ಟಿಯ ಕೆಳಗೆ ತಲೆ ತೂರಿಸಿದಳು. ಕಪ್ಪು ಹ್ಯಾಟು ಜಾರಿ ಗಾಳಿಗೆ ಸಿಕ್ಕಿ ಉರುಳಿತು. ಅವಳು ಅತ್ತ ನೋಡದೆ ಕಟ್ಟು ಬಿಚ್ಚತೊಡಗಿದಳು.